ಹೂಳೆತ್ತುವುದಕ್ಕೆ ಮುನ್ನ ಜೌಗಿನ ಪರೀಕ್ಷೆ

ಹಳ್ಳದಲ್ಲಿ ಹೂಳು ತುಂಬಿದೆ. ಮಳೆ ಬಂದಾಗ ನೀರು ದಡ ಮೀರಿ ಊರಿಗೆ ನುಗ್ಗುತ್ತದೆ. ಆದುದರಿಂದ ಹೂಳನ್ನು ಎತ್ತಿಬಿಡಬೇಕು. ಈ ತರ್ಕದಲ್ಲಿ ಮೇಲುನೋಟಕ್ಕೆ ಯಾವ ದೋಷವೂ ಕಾಣುವುದಿಲ್ಲ. ಹಾಗಿದ್ದರೂ ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಇಂತಹ ಕೆಲಸಕ್ಕೆ ಯಂತ್ರವನ್ನು ಇಳಿಸುವುದಕ್ಕೆ ಮೊದಲು, ಸಸ್ಯಗಳನ್ನೂ ಮಣ್ಣನ್ನೂ ಬಲ್ಲವರು ಗುದ್ದಲಿ ಹಿಡಿದು ಹಳ್ಳದಂಚಿನ ಕೆಸರಿನಲ್ಲಿ ಅಲೆಯುವುದುಂಟು. ಅವರು ಅಲ್ಲಿ ಹುಡುಕುವುದೇನನ್ನು?

ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಉತ್ತರದಲ್ಲಿರುವ ನೊವಾಟೊ ಹಳ್ಳವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದು ನೊವಾಟೊ ಪಟ್ಟಣವನ್ನು ಹಾದು, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಉತ್ತರ ಭಾಗವಾದ ಸ್ಯಾನ್ ಪಾಬ್ಲೊ ಕೊಲ್ಲಿಯನ್ನು ಸೇರುತ್ತದೆ. ಅಲ್ಲಿ ಮಳೆ ಸುರಿಯುವುದು ಚಳಿಗಾಲದಲ್ಲಿ. ಜೋರು ಮಳೆಯೂ ಸಮುದ್ರದ ಉಬ್ಬರವೂ ಒಂದೇ ಹೊತ್ತಿಗೆ ಕೂಡಿ ಬಂದರೆ ಹಳ್ಳದ ನೀರಿಗೆ ಹೋಗಲು ದಾರಿಯಿಲ್ಲ. ಆದುದರಿಂದ ಸುಮಾರು ನಾಲ್ಕು ವರ್ಷಗಳಿಗೊಮ್ಮೆ ಅಲ್ಲಿ ಹೂಳೆತ್ತುತ್ತಾರೆ.

ತೋಡಿದ ಮಣ್ಣನ್ನು ನೀರಿನ ನೆಲೆಗಳಲ್ಲಿ ಸುರಿಯುವುದಕ್ಕೂ ಜೌಗನ್ನು ಮುಚ್ಚುವುದಕ್ಕೂ 1972ರ ಶುದ್ಧಜಲ ಕಾಯಿದೆಯ ಪ್ರಕಾರ ಅನುಮತಿ ಬೇಕು. ಅದನ್ನು ಕೊಡತಕ್ಕದ್ದು ಸೇನೆಯ ಇಂಜಿನಿಯರುಗಳ ದಳ. ಹಾಗಾದರೆ ಜೌಗು ಎಲ್ಲಿಂದ ಎಲ್ಲಿಯವರೆಗೆ? ಈ ಮೇರೆಯನ್ನು ಗುರುತಿಸುವ ವಿಧಾನವನ್ನು ಆ ದಳದ 1987ರ ಕೈಪಿಡಿ ವಿವರಿಸಿದೆ. ಸಾಕ್ಷಿಗಳು ಮೂರು: ಗಿಡ, ನೀರು, ಮಣ್ಣು. ಸಾಮಾನ್ಯವಾಗಿ ಮೂರೂ ಒಂದೇ ಮಾತನ್ನು ಹೇಳಿದರೆ ಮಾತ್ರ ಅದು ಜೌಗು.

ಗಿಡದ ಸಾಕ್ಷಿ ಸುಲಭ. ಕೊಲ್ಲಿಯ ಉಪ್ಪುಜೌಗಿನಲ್ಲಿ ಸ್ಯಾಲಿಕಾರ್ನಿಯ ಎಂಬ ಸಸ್ಯ ಹಾಸಿಕೊಂಡಿರುತ್ತದೆ. ಇದಕ್ಕೆ ಎಲೆಯೇ ಇಲ್ಲವೆನ್ನಬಹುದು. ಗಿಣ್ಣುಗಿಣ್ಣಾದ ರಸಭರಿತ ದಂಟು ಮಾತ್ರ. ಇದು ಬೆಳೆದ ಕಡೆ ಉಪ್ಪುನೀರು ಬಂದು ಹೋಗುತ್ತಿದೆಯೆಂದು ತಿಳಿಯಬಹುದು. ನೀರಿನ ಸಾಕ್ಷಿಗೆ ನೀರು ನಿಂತೇ ಇರಬೇಕೆಂದಿಲ್ಲ. ತೇಲಿಬಂದ ಕಸದ ಸಾಲು, ಉಪ್ಪಿನ ಪೊರೆ, ತೋಡಿದ ಕುಣಿಯಲ್ಲಿ ಒಸರುವ ತೇವ ಇಷ್ಟಾದರೂ ಸಾಕು.

ಆದರೆ ಎಲ್ಲಕ್ಕಿಂತ ಸ್ವಾರಸ್ಯವಾದದ್ದು ಮಣ್ಣು ಎಂದು ನಮ್ಮ ಅಭಿಪ್ರಾಯ. ಮಣ್ಣಿನ ಕಣಗಳ ಸಂದುಗಳಲ್ಲಿ ನೀರು ತುಂಬಿದರೆ ಆಮ್ಲಜನಕವು ಒಳಕ್ಕೆ ಇಳಿಯುವುದು ಬಹಳ ನಿಧಾನವಾಗುತ್ತದೆ. ಇದ್ದಷ್ಟು ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಬೇಗನೆ ಮುಗಿಸುತ್ತವೆ. ಬಳಿಕ ಕೆಲವು ಜೀವಿಗಳು ಉಸಿರಾಟದಲ್ಲಿ ಆಮ್ಲಜನಕದ ಬದಲಿಗೆ ಮಣ್ಣಿನ ಕಬ್ಬಿಣದ ಸಂಯುಕ್ತಗಳನ್ನೇ ಉಪಯೋಗಿಸತೊಡಗುತ್ತವೆ. ಮಣ್ಣಿಗೆ ಕೆಂಪು ಬಣ್ಣ ಕೊಡುವ ಕಬ್ಬಿಣವು ಆಗ ನೀರಿನಲ್ಲಿ ಕರಗುವ ರೂಪಕ್ಕೆ ತಿರುಗಿ ಜಾರಿಹೋಗುತ್ತದೆ. ಮಣ್ಣು ಬೂದುಬಣ್ಣಕ್ಕೆ ಬರುತ್ತದೆ. ಬೇರುಗಳಿಂದ ಆಮ್ಲಜನಕ ಸೋರಿದ ಕಡೆ ಅದೇ ಕಬ್ಬಿಣ ಮತ್ತೆ ತುಕ್ಕಾಗಿ ಕೂರುತ್ತದೆ. ಭತ್ತದ ಗದ್ದೆಯನ್ನು ಬಲ್ಲ ವಾಚಕರಿಗೆ ಇದೇನೂ ಹೊಸದಲ್ಲ; ನೀರು ನಿಂತ ಗದ್ದೆಯಿಂದ ಕಿತ್ತ ಪೈರಿನ ಬೇರಿನ ಮೇಲೆ ಕಾವಿಬಣ್ಣದ ಲೇಪವನ್ನು ಅವರು ಕಂಡಿದ್ದಾರು. ಸಮುದ್ರದ ನೀರು ಬರುವಲ್ಲಿ ಸಲ್ಫೇಟು ಸಹ ಹೀಗೆಯೇ ಮಾರ್ಪಟ್ಟು ಕೊಳೆತ ಮೊಟ್ಟೆಯ ನಾತವನ್ನು ಕೊಡುತ್ತದೆ. ಆ ನಾತವೂ ಒಂದು ಸಾಕ್ಷಿಯೇ!

ಪರೀಕ್ಷಕರು ಸುಮಾರು ಒಂದೂವರೆ ಅಡಿ ಆಳದ ಕುಣಿ ತೋಡಿ, ಹೆಂಟೆಯನ್ನು ಮುರಿದು, ಅದರ ಬಣ್ಣವನ್ನು ಮನ್ಸೆಲ್ ವರ್ಣಪಟ್ಟಿಯೊಂದಿಗೆ ಹೋಲಿಸಿ ಬರೆದುಕೊಳ್ಳುತ್ತಾರೆ. ಈ ಪದ್ಧತಿಯನ್ನು ರಚಿಸಿದ ಮನ್ಸೆಲ್ ಮಣ್ಣಿನ ತಜ್ಞನಲ್ಲ, ಚಿತ್ರಕಲೆಯ ಅಧ್ಯಾಪಕ. ಆದರೆ ಮಣ್ಣಿನ ನೆನಪು ಬಲು ದೀರ್ಘ. ಎಂದೋ ಬತ್ತಿಸಿದ ಜೌಗಿನಲ್ಲಿಯೂ ಬೂದುಬಣ್ಣ ಉಳಿದಿರಬಹುದು. ಆದುದರಿಂದ ಅದೊಂದನ್ನೇ ನಂಬುವಂತಿಲ್ಲ.

ಮೇರೆಯನ್ನು ಗುರುತಿಸಿದ ಮೇಲೆ ಜೌಗಿನ ಆರೋಗ್ಯವನ್ನೂ ಅಳೆಯಬೇಕು. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕಾಗಿ ಒಂದು ಶೀಘ್ರ ವಿಧಾನವಿದ್ದು, ಸುತ್ತಲ ನೆಲ, ನೀರಿನ ಚಲನೆ, ನೆಲದ ರಚನೆ, ಸಸ್ಯಸಮುದಾಯ ಇವುಗಳಿಗೆ ಅಂಕ ಹಾಕುತ್ತಾರೆ. ಅಲ್ಲಿ ವಾಸಿಸುವ ಪ್ರಾಣಿಗಳನ್ನೂ ವಿಚಾರಿಸಬೇಕು. ಕೆಂಬೊಟ್ಟೆಯ ಪುಟ್ಟ ಇಲಿಯೊಂದು ಈ ಕೊಲ್ಲಿಯ ಜೌಗುಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲಿಯೂ ಇಲ್ಲ. ಉಪ್ಪುನೀರನ್ನು ಕುಡಿದು ಬದುಕಬಲ್ಲ ಈ ಪ್ರಾಣಿ 1970ರಿಂದಲೂ ಅಳಿವಿನಂಚಿನ ಪಟ್ಟಿಯಲ್ಲಿದೆ. ರಿಜ್‌ವೇ ರೈಲ್ ಎಂಬ ಹಕ್ಕಿಯೂ ಇಲ್ಲಿಯೇ ಗೂಡು ಕಟ್ಟುತ್ತದೆ; ಅದರ ಕಾಲ ಫೆಬ್ರವರಿಯಿಂದ ಆಗಸ್ಟಿನವರೆಗೆ. ಹೀಗಿರಲು ಹೂಳೆತ್ತುವವರಿಗೆ ಉಳಿಯುವುದು ಗೂಡುಕಾಲ ಮುಗಿದು ಮಳೆ ಹಿಡಿಯುವುದರೊಳಗಿನ ಕೆಲವು ವಾರಗಳು ಮಾತ್ರ. ಇಲಿಗಳಿರುವ ಕಡೆ ಸ್ಯಾಲಿಕಾರ್ನಿಯವನ್ನು ಮೊದಲು ಕೈಯಿಂದಲೇ ಸವರಿ, ಅವು ತಾವಾಗಿ ಸರಿದುಹೋದ ಮೇಲೆ ಯಂತ್ರವನ್ನು ಬಿಡುವುದು ವಾಡಿಕೆ.

ಇಷ್ಟೆಲ್ಲ ಒಂದು ಇಲಿಗಾಗಿಯೇ ಎಂದು ಕೇಳುವವರುಂಟು. ಅವರು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಎತ್ತಿದ ಹೂಳು ನಾಲ್ಕೇ ವರ್ಷಗಳಲ್ಲಿ ಮತ್ತೆ ತುಂಬುವುದೇತಕ್ಕೆ? ಉಬ್ಬರದಲ್ಲಿ ಜೌಗಿನ ಮೇಲೆಲ್ಲ ಹರಡಿದ ನೀರು ಇಳಿತದಲ್ಲಿ ಹಳ್ಳದ ಮೂಲಕವೇ ಹಿಂದಿರುಗಬೇಕು. ಜೌಗು ವಿಶಾಲವಾಗಿದ್ದಷ್ಟೂ ಆ ನೀರು ಹೆಚ್ಚು, ಅದರ ವೇಗ ಹೆಚ್ಚು. ತಳದ ಹೂಳನ್ನು ಅದೇ ಗುಡಿಸಿಕೊಂಡು ಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದಿಂದ ಮೊದಲುಗೊಂಡು ಈ ಕೊಲ್ಲಿಯ ಸುತ್ತ ಕಟ್ಟೆ ಹಾಕಿ ಜೌಗುಗಳನ್ನು ಹೊಲಗಳಾಗಿಯೂ ಉಪ್ಪಿನ ಕೊಳಗಳಾಗಿಯೂ ಮಾಡಿದರು. 1800ರ ಸುಮಾರಿಗೆ 1,90,000 ಎಕರೆಯಷ್ಟಿದ್ದ ಉಬ್ಬರದ ಜೌಗು 1990ರ ದಶಕದ ವೇಳೆಗೆ ಸುಮಾರು 40,000 ಎಕರೆಗೆ ಇಳಿದಿತ್ತು. ಗುಡಿಸುವ ನೀರನ್ನು ಕಟ್ಟೆಯಾಚೆಗೆ ಇಟ್ಟಮೇಲೆ ಹಳ್ಳದಲ್ಲಿ ಹೂಳು ನಿಲ್ಲದೆ ಇನ್ನೇನು? ಅಳಿದುಳಿದ ಅಂಚಿನ ಜೌಗನ್ನೂ ಯಂತ್ರವು ಕೆರೆದುಬಿಟ್ಟರೆ ಮುಂದಿನ ಹೂಳಿಗೆ ಇಂದೇ ಎಡೆಮಾಡಿಕೊಟ್ಟಂತೆ.

ಕಟ್ಟೆಯೊಳಗೆ ಒಣಗಿದ ನೆಲ ಕುಸಿಯುವುದರಿಂದ ಜೌಗನ್ನು ಮರಳಿ ತರುವುದು ಸುಲಭವಲ್ಲ. ನೊವಾಟೊದ ಹ್ಯಾಮಿಲ್ಟನ್ ಎಂಬಲ್ಲಿ ಸೇನೆಯ ಹಳೆಯ ವಿಮಾನನಿಲ್ದಾಣವಿದ್ದ ತಗ್ಗಿಗೆ, ಓಕ್ಲೆಂಡ್ ಬಂದರನ್ನು ಆಳಗೊಳಿಸಿದಾಗ ಎತ್ತಿದ ಮಣ್ಣೂ ಸೇರಿ ಸುಮಾರು 45 ಲಕ್ಷ ಘನ ಮೀಟರ್ ಹೂಳನ್ನು ತುಂಬಿದರು. 2014ರಲ್ಲಿ ಕೊಲ್ಲಿಯ ಕಡೆಯ ಕಟ್ಟೆಯನ್ನು ಒಡೆದರು. ಜೌಗಿನ ಪೂರ್ಣ ಎತ್ತರಕ್ಕೆ ತುಂಬದೆ, ಉಳಿದುದನ್ನು ಉಬ್ಬರವು ಹೊತ್ತು ತರುವ ಒಂಡಿಗೆ ಬಿಟ್ಟರು. ಅಂದಿನಿಂದ ಆ ಕೆಲಸವನ್ನು ಸಮುದ್ರವೇ ದಿನಕ್ಕೆರಡು ಬಾರಿ ಮಾಡುತ್ತಿದೆ.