ಮನೆಯೊಳಗೊಂದು ಕಡಲು

ಬೆಂಗಳೂರಿನಲ್ಲಿ ಮನೆ ಮಾಡಿದವರಿಗೆ ನೀರಿನ ಚಿಂತೆ ತಪ್ಪಿದ್ದಲ್ಲ. ನನ್ನ ಚಿಂತೆ ಮಾತ್ರ ಕೊಂಚ ವಿಚಿತ್ರವಾದುದು. ಕುಡಿಯುವ ನೀರು ಎಲ್ಲಿಂದ ಬಂದೀತೆಂದು ನೆರೆಹೊರೆಯವರು ಕೊರಗುತ್ತಿದ್ದಾಗ, ಕುಡಿಯಲಾಗದ ನೀರನ್ನು ಮನೆಯೊಳಗೆ ನಿಲ್ಲಿಸುವುದು ಹೇಗೆಂದು ನಾನು ಯೋಚಿಸುತ್ತಿದ್ದೆ. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಮೇಲಿರುವ ಈ ಊರಿನಲ್ಲಿ, ನಿವೃತ್ತನಾದ ಉಪಾಧ್ಯಾಯನೊಬ್ಬನಿಗೆ ಕಡಲನ್ನು ಕೊಳ್ಳುವ ಹಂಬಲ ಹುಟ್ಟಿತೆಂದರೆ ವಾಚಕರು ನಕ್ಕಾರು. ನಗಲಿ; ಆದರೆ ಕಾರಣವನ್ನು ಕೇಳಿದ ಮೇಲೆ ನಗಲಿ.

ನನ್ನ ಮನೆಯಾಕೆಯ ತವರು ಕುಮಟಾ ತಾಲೂಕಿನ ಸಾಣಿಕಟ್ಟೆಯ ಬಳಿ. ಅಘನಾಶಿನಿಯ ಅಳಿವೆಯ ನೀರನ್ನು ಕಟ್ಟಿ ನಿಲ್ಲಿಸಿ ಉಪ್ಪು ಬೆಳೆಯುವ ಊರು ಅದು. ಮದುವೆಯಾಗಿ ಘಟ್ಟ ಹತ್ತಿ ಬಂದಂದಿನಿಂದ ವರ್ಷಕ್ಕೊಮ್ಮೆಯಾದರೂ ಆಕೆ ಊರಿಗೆ ಹೋಗಿ, ಕಡಲನ್ನು ಕಣ್ತುಂಬ ನೋಡಿ ಬರುತ್ತಿದ್ದಳು. ನಾಲ್ಕು ವರ್ಷಗಳ ಹಿಂದೆ ಬೆನ್ನಿಗೆ ಶಸ್ತ್ರಚಿಕಿತ್ಸೆಯಾಯಿತು. ದೂರದ ಪ್ರಯಾಣ, ಅದರಲ್ಲಿಯೂ ಘಟ್ಟದ ದಾರಿ, ಇನ್ನು ಕೂಡದೆಂದು ವೈದ್ಯರು ಹೇಳಿದರು. ಆಕೆ ಮರುಮಾತಾಡಲಿಲ್ಲ. ಆದರೆ ಒಂದು ಸಂಜೆ ಅಕ್ಕಿ ಆರಿಸುತ್ತ ಕುಳಿತಿದ್ದವಳು, “ನೀರಿನ ಸದ್ದು ಕೇಳಿ ಎಷ್ಟು ದಿವಸವಾಯಿತು ನೋಡಿ” ಎಂದಳು. ನಾನು ಏನೂ ಹೇಳಲಿಲ್ಲ. ಮರುದಿನ ಬೆಳಗ್ಗೆ ಮೀನಿನ ತೊಟ್ಟಿಗಳನ್ನು ಮಾರುವ ಅಂಗಡಿಗೆ ಹೋದೆ.

ಹೊಸಬನ ಮೊದಲ ತಪ್ಪು ಮಿತವ್ಯಯ. “ಮೊದಲು ಚಿಕ್ಕದರಲ್ಲಿ ಕೈ ಪಳಗಲಿ” ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡು 40 ಲೀಟರಿನ ಪುಟ್ಟ ತೊಟ್ಟಿಯನ್ನು ತಂದೆ. ಉಪ್ಪುನೀರು ಕಲಸಿದೆ, ಎರಡು ಮೀನು ಬಿಟ್ಟೆ. ದಿನವೂ ಮುಕ್ಕಾಲು ಲೀಟರಿನಷ್ಟು ನೀರು ಆವಿಯಾಗುತ್ತಿತ್ತು. ನಾನು ದಿನವೂ ಅಷ್ಟೇ ಉಪ್ಪುನೀರನ್ನು ನಿಷ್ಠೆಯಿಂದ ತುಂಬಿಸುತ್ತಿದ್ದೆ. ಹದಿನೈದನೆಯ ದಿನ ಎರಡು ಮೀನುಗಳೂ ಮೇಲೆ ತೇಲಿದವು.

ಆಕೆ ಗೋಡೆ ಹಿಡಿದು ನಿಧಾನವಾಗಿ ಬಂದು ನೋಡಿದಳು. “ಹೋದ ನೀರಿನ ಬದಲು ಏನು ಹಾಕುತ್ತಿದ್ದಿರಿ?” ಎಂದು ಕೇಳಿದಳು. ಹೇಳಿದೆ. “ಸಾರು ಬತ್ತಿದರೆ ನೀರು ಹಾಕುತ್ತಾರೆಯೆ, ಉಪ್ಪು ಹಾಕುತ್ತಾರೆಯೆ? ಬಿಸಿಲು ನೀರನ್ನು ಒಯ್ಯುತ್ತದೆ, ಉಪ್ಪನ್ನು ಬಿಟ್ಟು ಹೋಗುತ್ತದೆ. ನಮ್ಮೂರಿನ ಆಗರದಲ್ಲಿ ನಡೆಯುವುದೂ ಅದೇ ಅಲ್ಲವೆ?”

ಲೆಕ್ಕ ಹಾಕಿ ನೋಡಿದೆ. ಲೀಟರಿಗೆ 35 ಗ್ರಾಂ ಇರಬೇಕಾದ ಉಪ್ಪನ್ನು ನಾನು 45 ಗ್ರಾಂನ ಸಮೀಪಕ್ಕೆ ಒಯ್ದಿದ್ದೆ. ಮೂವತ್ತೈದು ವರ್ಷ ಮಕ್ಕಳಿಗೆ ಗಣಿತ ಕಲಿಸಿದವನ ಮನೆಯಲ್ಲಿ ಎರಡು ಜೀವಗಳು ಒಂದು ಗುಣಾಕಾರದಲ್ಲಿ ಸತ್ತವು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

“ಚಿಕ್ಕ ಮಡಿಯಲ್ಲಿ ಉಪ್ಪು ಬೇಗ ಬೀಳುತ್ತದೆ, ಅಳಿವೆಯಲ್ಲಿ ಬೀಳುವುದಿಲ್ಲ. ತರುವುದಾದರೆ ದೊಡ್ಡದನ್ನೇ ತನ್ನಿ” ಎಂದಳು ಆಕೆ. ಅನುಭವಿಗಳು ಹೇಳುವುದೂ ಇದನ್ನೇ ಎಂಬುದು ಆಮೇಲೆ ತಿಳಿಯಿತು. ದೊಡ್ಡ ತೊಟ್ಟಿ ಪಳಗಿದವರಿಗೆ, ಚಿಕ್ಕದು ಹೊಸಬರಿಗೆ ಎಂಬ ಎಣಿಕೆ ತಲೆಕೆಳಗು. ನೀರು ಹೆಚ್ಚಿದ್ದಷ್ಟೂ ಅದರ ಉಪ್ಪು, ಶಾಖ, ಮಾಲಿನ್ಯಗಳು ನಿಧಾನವಾಗಿ ಬದಲಾಗುತ್ತವೆ. ತಪ್ಪು ಮಾಡಿದವನಿಗೆ ತಿದ್ದಿಕೊಳ್ಳಲು ಅವಕಾಶ ದೊರೆಯುತ್ತದೆ.

ಹೀಗೆ ನಾನು ಎರಡನೆಯ ಸಲ ತೊಟ್ಟಿ ಹುಡುಕಲು ಹೊರಟೆ. ಅಗ್ಗಕ್ಕೆ ಸಿಕ್ಕೀತೆಂದು ಮೊದಲು ಒಬ್ಬರು ಬಳಸಿ ಬಿಟ್ಟಿದ್ದ ತೊಟ್ಟಿಯನ್ನು ನೋಡಿದೆ. ಹಳೆಯದನ್ನು ಕೊಳ್ಳುವವರು ಗಾಜಿನ ಅಂಚುಗಳನ್ನು ಕೂಡಿಸಿರುವ ಅಂಟು ಎದ್ದಿದೆಯೆ ಎಂದು ಬೆರಳಾಡಿಸಿ ನೋಡಬೇಕು. ಹೊರಗಿಟ್ಟು ನೀರು ತುಂಬಿ ಒಂದೆರಡು ದಿನ ಕಾಯಬೇಕು. ಮೀನಿನ ರೋಗಕ್ಕೆಂದು ತಾಮ್ರದ ಔಷಧಿಯನ್ನು ಅದರಲ್ಲಿ ಎಂದಾದರೂ ಹಾಕಿದ್ದರೆ ಎಂಬುದನ್ನು ಕೇಳಬೇಕು. ಮೀನು ತಾಳಿಕೊಳ್ಳುವಷ್ಟು ತಾಮ್ರವೂ ಶಂಖ, ಸಿಗಡಿ, ಹವಳಗಳಿಗೆ ವಿಷ. ಆ ಗೃಹಸ್ಥರು ಹಾಕಿದ್ದೆವೆಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಕಾಫಿ ಕುಡಿದು ಬಂದೆ.

ಕೊನೆಗೆ ಹೊಸದನ್ನೇ ಮಾಡಿಸಿದೆ: 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ, 12 ಮಿಲಿಮೀಟರ್ ದಪ್ಪದ ಗಾಜು. ಇದು 450 ಲೀಟರ್ ನೀರು ಹಿಡಿಯುತ್ತದೆ. ನೀರೇ 450 ಕಿಲೋಗಿಂತ ಹೆಚ್ಚು. ಗಾಜು 80 ಕಿಲೋಗೂ ಮಿಗಿಲು. ಕಲ್ಲು, ಪೀಠಗಳು ಸೇರಿದರೆ 600 ಕಿಲೋ ದಾಟಿತು. ಮಹಡಿಯ ಮನೆಯವರು ಇಂಥ ಭಾರವನ್ನು ಇಡುವ ಮುನ್ನ ಕಟ್ಟಡ ಬಲ್ಲವರನ್ನು ಕೇಳುವುದು ಕ್ಷೇಮ. ನಮ್ಮದು ನೆಲಮನೆ. ಬಿಸಿಲು ನೇರವಾಗಿ ಬೀಳದ, ಆಕೆಯ ಕುರ್ಚಿಗೆ ಎದುರಾದ ಗೋಡೆಯನ್ನು ಆರಿಸಿಕೊಂಡು, ಪೀಠವನ್ನು ರಸಮಟ್ಟವಿಟ್ಟು ಸಮಮಾಡಿಸಿದೆ.

ತೊಟ್ಟಿಗೆ ಕೊಟ್ಟ ಹಣ ಒಟ್ಟು ವೆಚ್ಚದ ಚಿಕ್ಕ ಪಾಲೆಂಬುದು ಆಮೇಲೆ ತಿಳಿಯುತ್ತದೆ. ಬೆಂಗಳೂರಿನವರಿಗೆ ಸಂಪ್ ಎಂದರೆ ಮನೆಯ ಮುಂದಿನ ನೆಲದಡಿಯ ತೊಟ್ಟಿ. ಈ ವಿದ್ಯೆಯಲ್ಲಿ ಸಂಪ್ ಎಂದರೆ ಪೀಠದೊಳಗೆ ಅಡಗಿರುವ ಎರಡನೆಯ ತೊಟ್ಟಿ. ಮೇಲಿನ ನೀರು ಅದಕ್ಕೆ ಇಳಿದು, ಶುದ್ಧವಾಗಿ, ಪಂಪಿನಿಂದ ಮತ್ತೆ ಮೇಲೇರುತ್ತದೆ. ಅಲ್ಲಿಯೇ ಸ್ಕಿಮ್ಮರ್ ಎಂಬ ಯಂತ್ರವೂ ಇರುತ್ತದೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಕಬ್ಬಿನ ಹಾಲಿನ ಮೇಲೆ ಬರುವ ಕೊಳೆನೊರೆಯನ್ನು ತೆಗೆದು ಚೆಲ್ಲುವಂತೆ, ಇದು ಸಣ್ಣ ಗುಳ್ಳೆಗಳನ್ನೆಬ್ಬಿಸಿ ಕಲ್ಮಷವನ್ನು ನೊರೆಯಾಗಿ ತೆಗೆಯುತ್ತದೆ. ಉಪ್ಪನ್ನು ಅಳೆಯಲು ರಿಫ್ರಾಕ್ಟೋಮೀಟರ್ ಎಂಬ ಕೈಯಳತೆಯ ಉಪಕರಣ ಬೇಕು. ವಿದ್ಯುತ್ತು ಹೋದಾಗ ಮೀನುಗಳ ಉಸಿರು ಉಳಿಸಲು ಬ್ಯಾಟರಿಯಿಂದ ನಡೆಯುವ ಗಾಳಿಪಂಪು ಬೇಕು. ನಮ್ಮೂರಿನಲ್ಲಿ ಇದನ್ನು ಮರೆತವನು ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಕಳೆದುಕೊಂಡಾನು.

ಉಪ್ಪಿನ ಮಾತು ಬಂದಾಗ ಆಕೆ ಮೊದಲ ಬಾರಿಗೆ ಉತ್ಸಾಹ ತೋರಿದಳು. “ನಮ್ಮೂರಿನಿಂದಲೇ ಒಂದು ಚೀಲ ತರಿಸಿದರಾಗದೆ?” ನನಗೂ ಅದೇ ಆಸೆ. ಆದರೆ ವಿಚಾರಿಸಿದರೆ, ಅದು ಸಾಧ್ಯವಿಲ್ಲ. ಕಡಲ ನೀರು ಆಗರದಲ್ಲಿ ಬತ್ತುವಾಗ, ಉಪ್ಪು ಹರಳುಗಟ್ಟುವುದಕ್ಕೆ ಮೊದಲೇ ಸುಣ್ಣದ ಅಂಶದ ಬಹುಭಾಗ ತಳಕ್ಕಿಳಿಯುತ್ತದೆ. ಮೆಗ್ನೀಸಿಯಂ ಕೊನೆಯಲ್ಲಿ ಉಳಿಯುವ ಕಹಿನೀರಿನೊಡನೆ ಹೊರಗೆ ಹೋಗುತ್ತದೆ. ಅಡುಗೆಗೆ ಒದಗುವ ಉಪ್ಪು ಮತ್ತೆ ಕಡಲಾಗಲಾರದು. ಎಲ್ಲ ಲವಣಗಳನ್ನೂ ಹದವಾಗಿ ಕೂಡಿಸಿ ಅಕ್ವೇರಿಯಂಗೆಂದೇ ಮಾಡಿದ ಉಪ್ಪನ್ನು 16 ಕಿಲೋ ಕೊಂಡು, ಲವಣಗಳೆಲ್ಲವನ್ನೂ ಸೋಸಿದ ನೀರಿಗೆ ಬೆರೆಸಿದೆ.

ನೀರು ತುಂಬಿದ ದಿನವೇ ಮೀನು ಬಿಡುವ ಆತುರ ಎಲ್ಲರಿಗೂ ಬರುತ್ತದೆ. ಅದನ್ನು ತಡೆದುಕೊಳ್ಳುವವನಿಗೆ ಮಾತ್ರ ಈ ವಿದ್ಯೆ ದಕ್ಕುತ್ತದೆ. ಮೀನಿನ ಮಲದಿಂದ ಹುಟ್ಟುವ ಅಮೋನಿಯ ಮೀನಿಗೇ ವಿಷ. ಕಲ್ಲು ಮರಳುಗಳಲ್ಲಿ ನೆಲಸುವ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟನ್ನಾಗಿಯೂ, ಬಳಿಕ ಹೆಚ್ಚು ಕೇಡಿಲ್ಲದ ನೈಟ್ರೇಟನ್ನಾಗಿಯೂ ಮಾರ್ಪಡಿಸುತ್ತವೆ. ಆ ಜೀವಿಗಳು ಬೇಕಾದಷ್ಟು ಹೆಚ್ಚಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಇದನ್ನು ನಾನು ಬಹು ಶಾಸ್ತ್ರೀಯವಾಗಿ ವಿವರಿಸಿದೆ. “ಹೆಪ್ಪು ಹಾಕಿದ್ದೀರಿ. ಪಾತ್ರೆ ಅಲುಗಿಸದೆ ಕಾಯಿರಿ” ಎಂದು ಆಕೆ ಒಂದೇ ಮಾತಿನಲ್ಲಿ ಮುಗಿಸಿದಳು. ಆರು ವಾರ ನಾವಿಬ್ಬರೂ ಖಾಲಿ ನೀರನ್ನು ನೋಡುತ್ತ ಕುಳಿತೆವು. ಬಂದ ಬಂಧುಗಳು, “ಮೀನೆಲ್ಲಿ?” ಎಂದು ಕೇಳಿ ಅನುಕಂಪದಿಂದ ಹಿಂತಿರುಗಿದರು.

ಆ ಆರು ವಾರಗಳಲ್ಲಿಯೇ ನನ್ನ ನಿಜವಾದ ಪರೀಕ್ಷೆ ನಡೆಯಿತು. ಅಂಗಡಿಯೊಂದರಲ್ಲಿ ಮಾಲೀಕನು ಹಿಂಬದಿಯ ಕೋಣೆಗೆ ಕರೆದೊಯ್ದು ಒಂದು ಹವಳವನ್ನು ತೋರಿಸಿದ. ನೀಲಿಯ ಬೆಳಕಿನಲ್ಲಿ ಎಳೆ ಹಸಿರಿನ ಕೊಂಬೆ, ತುದಿಗಳಲ್ಲಿ ನೇರಳೆ. ಅಷ್ಟು ಚೆಲುವಾದ ಜೀವಂತ ವಸ್ತುವನ್ನು ನಾನು ಕಂಡಿರಲಿಲ್ಲ.

“ಎಲ್ಲಿಂದ ಬಂತಪ್ಪ ಇದು?”

“ಕಡಲಿಂದ ಬಂತು ಸಾರ್.”

“ಕಾಗದಪತ್ರವೇನಾದರೂ ಇದೆಯೆ?”

“ಮನೆಯೊಳಗಿಡುವ ವಸ್ತುವಿಗೆ ಯಾರು ಕೇಳುತ್ತಾರೆ ಸಾರ್?”

ನಮ್ಮ ದೇಶದ ಕಡಲಿನ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಹುಲಿ, ಆನೆಗಳಿಗಿರುವ ರಕ್ಷಣೆಯೇ ಅವಕ್ಕೂ ಇದೆ. ಅದು ನನಗೆ ತಿಳಿದಿತ್ತು. ಆದರೂ ವಾಚಕರಲ್ಲಿ ಸುಳ್ಳು ಹೇಳಲಾರೆ: ಕೈ ಜೇಬಿಗೆ ಹೋಗಿತ್ತು. ಆಕೆಯ ಮುಖ ಅರಳುವುದನ್ನು ಊಹಿಸಿಕೊಂಡೆ. ನಾಳೆ ಬರುತ್ತೇನೆಂದು ಹೇಳಿ ಮನೆಗೆ ಬಂದೆ.

ಈ ಆಸೆಯ ಚರಿತ್ರೆ ಹಳೆಯದು. ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ 1853ರಲ್ಲಿ ಮೀನಿನ ಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗಶಾಸ್ತ್ರಜ್ಞ ‘ದಿ ಅಕ್ವೇರಿಯಂ’ ಎಂಬ ಪುಸ್ತಕ ಬರೆದ. ಕಡಲ ತೀರದ ಬಂಡೆಗಳ ನಡುವಿನ ಪುಟ್ಟ ಕೊಳಗಳ ಚೆಲುವನ್ನು ಆತ ವರ್ಣಿಸಿದ ರೀತಿಗೆ ಜನ ಮರುಳಾದರು. ಬುಟ್ಟಿ ಹಿಡಿದು ತೀರಕ್ಕೆ ಧಾವಿಸಿದರು. ಅವನ ಮಗ ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟಿಸಿದ ‘ಫಾದರ್ ಅಂಡ್ ಸನ್’ ಎಂಬ ಗ್ರಂಥದಲ್ಲಿ, ತಂದೆಯೊಡನೆ ತಾನು ಬಾಲ್ಯದಲ್ಲಿ ಕಂಡಿದ್ದ ಆ ಕೊಳಗಳು ಸಂಗ್ರಹಕಾರರ ಕೈಯಲ್ಲಿ ಬರಿದಾಗಿ ಹೋದುದಕ್ಕೆ ಮರುಗಿದ್ದಾನೆ. ಪ್ರೀತಿಯಿಂದ ಹೋದವರೇ ಲೂಟಿ ಮಾಡಿದರು.

ಹವಳವಾದರೋ ಹಾಗೆ ಕಿತ್ತರೆ ಬೇಗ ಚಿಗುರುವಂಥದಲ್ಲ. ಬಂಡೆಯಾಕಾರದ ಜಾತಿಗಳು ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು ಬೆಳೆದರೆ ಹೆಚ್ಚು. ಅದರ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಯೇ ಬಿಸಿಲಿನಿಂದ ಆಹಾರ ತಯಾರಿಸಿ ಅದಕ್ಕೆ ಉಣಿಸುತ್ತದೆ. ಕಡಲು ಕಾದರೆ ಹವಳ ಆ ಪಾಚಿಯನ್ನು ಹೊರದೂಡಿ ಬಿಳಿಚಿಕೊಂಡು ಹಸಿಯುತ್ತದೆ. ಲಕ್ಷದ್ವೀಪದ ಹವಳಗಳು 1998, 2010, 2016ರಲ್ಲಿ ಹೀಗೆ ಬೆಳ್ಳಗಾದವು. ಇಷ್ಟನ್ನು ತಾಳಿಕೊಂಡು ಉಳಿದಿರುವುದರಲ್ಲಿ ಒಂದು ಕೊಂಬೆಯನ್ನು ನಾನು ಮುರಿಸಿ ತರಬೇಕೆ?

ರಾತ್ರಿ ಆಕೆಗೆ ಎಲ್ಲವನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮುರುಡೇಶ್ವರದ ಎದುರು ನೇತ್ರಾಣಿಯಲ್ಲಿ ಹವಳವಿದೆ ಎನ್ನುತ್ತಾರೆ. ನಾನು ನೋಡಿಲ್ಲ, ಇನ್ನು ನೋಡುವುದೂ ಇಲ್ಲ. ಅಲ್ಲಿ ಇದೆ ಎಂದು ತಿಳಿದಿದ್ದರೆ ಸಾಕು. ಕಿತ್ತು ತಂದದ್ದನ್ನು ಎದುರಿಗಿಟ್ಟುಕೊಂಡು ಕುಳಿತರೆ ನನಗೆ ನಿದ್ದೆ ಬರುವುದಿಲ್ಲ” ಎಂದಳು. ಆ ಅಂಗಡಿಗೆ ನಾನು ಮತ್ತೆ ಹೋಗಲಿಲ್ಲ.

ನಮ್ಮ ತೊಟ್ಟಿಯಲ್ಲಿರುವ ಬಂಡೆ ಮನುಷ್ಯರೇ ಸಿಮೆಂಟಿನಿಂದ ಮಾಡಿದುದು. ಅದರ ಸಂದುಗಳಲ್ಲಿ ಕಡಲ ಪಾಚಿ ಹಬ್ಬಿದೆ. ಮೀನುಗಳು ಎರಡೇ, ಕಿತ್ತಳೆ ಬಣ್ಣಕ್ಕೆ ಬಿಳಿಯ ಪಟ್ಟೆಯಿರುವ ಕ್ಲೌನ್ ಮೀನುಗಳು. ಇವನ್ನು ಸಾಕಿದ ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿದ್ಯೆಯನ್ನು ನಮ್ಮ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಸಾಧಿಸಿದ್ದಾರೆ. ಹಾಗೆ ಹುಟ್ಟಿದ ಮರಿಗಳನ್ನೇ ಕೇಳಿ ತಂದೆ. ಇವು ಹುಟ್ಟುವಾಗ ಎಲ್ಲವೂ ಗಂಡು; ಜೊತೆಯಲ್ಲಿ ದೊಡ್ಡದಾದುದು ಹೆಣ್ಣಾಗಿ ಯಜಮಾನಿಕೆ ವಹಿಸುತ್ತದೆ. “ಕಡಲಿನಲ್ಲಿಯೂ ಹೀಗೆಯೇ ನೋಡಿ” ಎಂದು ಆಕೆ ನಕ್ಕಳು. ಬಹಳ ದಿನಗಳ ಮೇಲೆ ಕೇಳಿದ ನಗೆ.

ಏಳನೆಯ ತಿಂಗಳಲ್ಲಿ ಬಂಡೆಯ ಮೇಲೆ ನಸುಗೆಂಪಿನ ಕಲೆಗಳು ಕಾಣಿಸಿದವು. ಹವಳವಲ್ಲ, ಶಂಖದ ಚಿಪ್ಪಿನೊಡನೆ ಬಂದ, ಸುಣ್ಣ ಕಟ್ಟುವ ಒಂದು ಜಾತಿಯ ಪಾಚಿ. ಕರೆಯದೆ ಬಂದದ್ದು. ಆಕೆ ಅದನ್ನು ದಿನವೂ ಅಳೆಯುತ್ತಾಳೆ. ಕಾಸಿನಗಲ ಇದ್ದದ್ದು ಈಗ ಅಂಗೈಯಗಲವಾಗಿದೆ.

ಪ್ರತಿದಿನ ಬೆಳಗ್ಗೆ ಸುಮಾರು ನಾಲ್ಕು ಲೀಟರ್ ಸಿಹಿನೀರನ್ನು ತೊಟ್ಟಿಗೆ ಹಾಕುವುದು ನನ್ನ ಕೆಲಸ. ತುಳಸಿಗೆ ನೀರೆರೆದು ಒಳಗೆ ಬರುವಷ್ಟರಲ್ಲಿ ಕುರ್ಚಿಯಿಂದ ಪ್ರಶ್ನೆ ಬರುತ್ತದೆ: “ನೀರು ಹಾಕಿದಿರೊ, ಉಪ್ಪುನೀರು ಹಾಕಿದಿರೊ?” ನೀರೇ ಎಂದು ಉತ್ತರ ಕೊಡುತ್ತೇನೆ. ಸಂಪಿಗೆ ಇಳಿಯುವ ನೀರಿನ ಸದ್ದು ಹಗಲೂ ರಾತ್ರಿಯೂ ಕೇಳುತ್ತಿರುತ್ತದೆ. ಅದು ಕಡಲಿನ ಸದ್ದಿನಂತಿದೆಯೆ ಎಂದು ಒಮ್ಮೆ ಕೇಳಿದೆ. ಆಕೆ ಕಿವಿಗೊಟ್ಟು ಕೇಳಿ, “ಕಡಲಿನದಲ್ಲ. ಇಳಿತದ ಹೊತ್ತಿನಲ್ಲಿ ಆಗರದ ಬಾಗಿಲಿನಿಂದ ನೀರು ಹೋಗುವಾಗ ಹೀಗೆಯೇ ಕೇಳುತ್ತಿತ್ತು” ಎಂದಳು.