ಕಲ್ಲಿನ ಕಂಠ

ನಮ್ಮ ಶಿಲ್ಪಿಗಳು ಕಲ್ಲನ್ನು ಆರಿಸುವಾಗ ಕಣ್ಣಿನಷ್ಟೇ ಕಿವಿಯನ್ನೂ ನಂಬುತ್ತಿದ್ದರು. ತಟ್ಟಿದರೆ ಗಂಟೆಯಂತೆ ಮೊಳಗುವುದು ಪುರುಷಶಿಲೆ, ಕಂಚಿನ ತಾಳದಂತೆ ನುಡಿಯುವುದು ಸ್ತ್ರೀಶಿಲೆ, ಸದ್ದೇ ಇಲ್ಲದ್ದು ನಪುಂಸಕಶಿಲೆ ಎಂದು ಶಿಲ್ಪಶಾಸ್ತ್ರದಲ್ಲಿ ವಿಂಗಡಿಸಿದ್ದಾರೆ. ಆದರೆ ವಿಗ್ರಹ ಮುಗಿದ ಮೇಲೆ ಆ ನಾದವನ್ನು ಕೇಳುವವರಾರು? ಪರೀಕ್ಷೆಯೊಂದಿಗೇ ಅದರ ಕೆಲಸ ತೀರುತ್ತಿತ್ತು. ಆ ನಾದಕ್ಕಾಗಿಯೇ ಕಲ್ಲನ್ನು ಕಡೆದ ಶಿಲ್ಪಿಯೊಬ್ಬರು ಇಟಲಿಯಲ್ಲಿದ್ದರು. ಅವರ ಹೆಸರು ಪಿನೂಚ್ಚೊ ಶೋಲ.

ಸಾರ್ಡೀನಿಯ ದ್ವೀಪದ ಸಾನ್ ಸ್ಪೆರಾತೆ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ 1942ರಲ್ಲಿ ಅವರು ಹುಟ್ಟಿದರು. 1968ರಲ್ಲಿ ಊರವರನ್ನು ಕೂಡಿಸಿಕೊಂಡು ಮಣ್ಣಿನ ಗೋಡೆಗಳಿಗೆ ಸುಣ್ಣ ಬಳಿಸಿ, ಅಲ್ಲಿ ಚಿತ್ರ ಬರೆಯುವ ಕಾರ್ಯಕ್ಕೆ ತೊಡಗಿದರು. ಕಲ್ಲು ಹಾಡಿದ್ದು ಬಹುಕಾಲದ ಮೇಲೆ. 1996ರಲ್ಲಿ ಅದೇ ದ್ವೀಪದ ಬೆರ್ಕಿದ್ದ ಊರಿನ ಸಂಗೀತೋತ್ಸವದಲ್ಲಿ ಪಿಯರ್ ಫಾವ್ರ್ ಎಂಬ ತಾಳವಾದ್ಯಗಾರರು ಅವರ ಕಲ್ಲುಗಳನ್ನು ನುಡಿಸಿದರು.

ಇದರಲ್ಲಿ ಮಾಯೆಯೇನೂ ಇಲ್ಲ. ದಪ್ಪ ಬಂಡೆ ಬಿಗಿಯಾಗಿರುವುದರಿಂದ ಸುಲಭವಾಗಿ ಕಂಪಿಸಲಾರದು. ಶೋಲ ಅದರಲ್ಲಿ ಗರಗಸದಿಂದ ಒತ್ತೊತ್ತಾಗಿ ಸಮಾನಾಂತರ ಸೀಳುಗಳನ್ನು ಕೊಯ್ಯುತ್ತಿದ್ದರು. ಬುಡ ಒಂದೇ ಬಂಡೆಯಾಗಿ ಉಳಿದು, ಮೇಲ್ಭಾಗ ತೆಳ್ಳನೆಯ ಹಲಗೆಗಳಾಗುತ್ತಿತ್ತು. ಅಡ್ಡಲಾಗಿಯೂ ಕೊಯ್ದರೆ ಕಡ್ಡಿಗಳ ಕಾಡು. ಹಲಗೆ ಉದ್ದವಾದಷ್ಟೂ ಸ್ವರ ಇಳಿಯುತ್ತದೆ, ದಪ್ಪವಾದಷ್ಟೂ ಏರುತ್ತದೆ. ಕೊಯ್ತ ಅತಿಯಾದರೆ ಹಲಗೆ ಮುರಿದೇ ಹೋಗುತ್ತದೆ. ಮುರಿದ ಕಲ್ಲಿಗೆ ಬೆಸುಗೆಯುಂಟೆ? ಇನ್ನು ನುಡಿಸುವ ಬಗೆ. ಒದ್ದೆ ಬೆರಳಿನಿಂದ ಗಾಜಿನ ಲೋಟದ ಅಂಚನ್ನು ಸವರಿದವರಿಗೆ ಅದು ಗೊತ್ತು. ಅಂಗೈಯಿಂದಲೋ ಚಿಕ್ಕ ಕಲ್ಲಿನಿಂದಲೋ ಉಜ್ಜಿದಾಗ, ಹಿಡಿದು ಜಾರಿ, ಹಿಡಿದು ಜಾರಿ, ಪಿಟೀಲಿನ ತಂತಿಯಂತೆ ಹಲಗೆ ನಡುಗುತ್ತದೆ.

ಸುಣ್ಣದ ಕಲ್ಲಿನ ದನಿ ನೀರಿನಂತೆ ತೆಳ್ಳಗೆ, ಕರಿಯ ಬಸಾಲ್ಟ್ ಕಲ್ಲಿನದು ಗಂಭೀರ. ಮೊದಲನೆಯದು ಸಮುದ್ರದ ತಳದಲ್ಲಿ ಹುಟ್ಟಿದ್ದು, ಎರಡನೆಯದು ಜ್ವಾಲಾಮುಖಿಯ ಕೂಸು. ಕಲ್ಲಿಗೆ ತನ್ನ ಹುಟ್ಟಿನ ನೆನಪಿದೆ ಎಂದು ಶೋಲ ಭಾವಿಸಿದರು. ವಿಜ್ಞಾನದ ಮೇಷ್ಟರು ಇದನ್ನು ಒಪ್ಪರು. ಸಾಂದ್ರತೆ, ಬಿಗುವುಗಳೆಂದು ಲೆಕ್ಕ ಹೇಳುವರು. ಲೆಕ್ಕ ಅವರದೇ ಸರಿ. ಆದರೂ ಆ ಭಾವನೆಯನ್ನು ಬಿಡಲು ನನಗೆ ಮನಸ್ಸಿಲ್ಲ.

ಹಂಪೆಯ ವಿಜಯವಿಠ್ಠಲ ದೇವಾಲಯದ ನುಡಿಗಂಬಗಳು ವಾಚಕರಿಗೆ ನೆನಪಾಗಿರಬಹುದು. ಬಂದವರೆಲ್ಲ ಬಡಿದು ಬಡಿದು ಕೇಳಿದ್ದರಿಂದ ಅವು ಜಖಂಗೊಂಡು, ಈಗ ಅವನ್ನು ತಟ್ಟುವುದಕ್ಕೆ ನಿಷೇಧವಿದೆ. ಕೇಳಬೇಕೆಂಬ ಆಸೆಯೇ ಕಂಠಕ್ಕೆ ಮುಳುವಾಯಿತು. ಶೋಲರ ಕಲ್ಲಾದರೋ ಹೆಚ್ಚಾಗಿ ಸವರುವ ಕೈಗೇ ಓಗೊಡುವಂಥದು. ಅವರು 2016ರಲ್ಲಿ ತೀರಿಕೊಂಡರು. ಸಾನ್ ಸ್ಪೆರಾತೆಯ ತೋಟದಲ್ಲಿ ಆ ಬಂಡೆಗಳು ಬಯಲಿನಲ್ಲಿಯೇ ನಿಂತಿವೆ.