ಕ್ಯೋಟೊ ಫೋಟೊ ಉತ್ಸವ: ಕೇಳಿದ್ದೆಷ್ಟು, ನಿಜವೆಷ್ಟು?

ಜಪಾನಿನ ಹಳೆಯ ರಾಜಧಾನಿ ಕ್ಯೋಟೊದಲ್ಲಿ 2013ರಿಂದ ಪ್ರತಿವರ್ಷ ಸುಮಾರು ನಾಲ್ಕು ವಾರ ಕ್ಯೋಟೊಗ್ರಾಫಿ ಎಂಬ ಅಂತರರಾಷ್ಟ್ರೀಯ ಛಾಯಾಚಿತ್ರ ಉತ್ಸವ ನಡೆಯುತ್ತದೆ. ಅಲ್ಲಿಗೆ ಹೊರಟವರ ಕಿವಿಗೆ ಬೀಳುವ ಸಲಹೆಗಳಲ್ಲಿ ಗಾಳಿಮಾತೇ ಹೆಚ್ಚು. ನಾವೂ ಅದನ್ನೇ ನೆಚ್ಚಿಕೊಂಡಿದ್ದವರು. ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಉತ್ಸವಕ್ಕೆ ಹೋದರೆ ಚೆರ್ರಿ ಹೂವೂ ಸಿಕ್ಕೇ ಸಿಗುತ್ತದೆ, ಒಂದೇ ಖರ್ಚಿನಲ್ಲಿ ಎರಡು ಕೆಲಸ.

ವಾಸ್ತವ: ಆಗುವುದಿಲ್ಲ. ಹೂವು ಮರ ತುಂಬುವುದು ಮಾರ್ಚ್ ಕೊನೆಗೆ, ಏಪ್ರಿಲ್ ಮೊದಲ ವಾರಕ್ಕೆ. ಉತ್ಸವ ಶುರುವಾಗುವುದು ಏಪ್ರಿಲ್ ನಡುವಿನಲ್ಲಿ. ನಿನ್ನಾಜಿ ದೇವಾಲಯದ ಗಿಡ್ಡ ಮರಗಳು ತಡವಾಗಿ ಅರಳುತ್ತವೆ, ಅದೃಷ್ಟವಿದ್ದರೆ ಅವಷ್ಟು ಸಿಗಬಹುದು. ಅದಕ್ಕಿಂತ ಮುಖ್ಯವಾಗಿ ನೋಡಬೇಕಾದದ್ದು ಏಪ್ರಿಲ್ 29ರಿಂದ ಮೇ 5ರವರೆಗಿನ ರಜಾಸಾಲನ್ನು. ಆಗ ಜಪಾನಿಗೆ ಜಪಾನೇ ಊರೂರು ಸುತ್ತಲು ಹೊರಟಿರುತ್ತದೆ, ಹೋಟೆಲ್ ಬಾಡಿಗೆ ಕೈಗೆಟುಕುವುದಿಲ್ಲ. ಪ್ರತಿ ಸಲವೂ ವಸಂತದಲ್ಲೇ ನಡೆದಿದೆ ಎನ್ನುವಂತೆಯೂ ಇಲ್ಲ: ಕೋವಿಡ್‌ನಿಂದಾಗಿ 2020 ಮತ್ತು 2021ರ ಉತ್ಸವಗಳು ಸೆಪ್ಟೆಂಬರ್‌ಗೆ ಸರಿದಿದ್ದವು.

ತಪ್ಪು ಕಲ್ಪನೆ: ಇದು ಕ್ಯಾಮೆರಾ ಹಿಡಿದವರ ಕೂಟ. ಲೆನ್ಸು, ಎಕ್ಸ್‌ಪೋಷರ್ ಗೊತ್ತಿಲ್ಲದವರು ಬಿಳಿ ಗೋಡೆಯ ಮೇಲಿನ ಚೌಕಟ್ಟುಗಳನ್ನು ನೋಡಿ ವಾಪಸ್ಸು ಬರಬೇಕಷ್ಟೆ.

ವಾಸ್ತವ: ಬಿಳಿ ಗೋಡೆಯೇ ಇಲ್ಲಿ ಅಪರೂಪ. ಉತ್ಸವ ಹುಟ್ಟುಹಾಕಿದವರಲ್ಲಿ ಲೂಸಿಲ್ ರೆಬೋಜ್ ಫ್ರಾನ್ಸಿನ ಛಾಯಾಗ್ರಾಹಕಿ, ಯುಸುಕೆ ನಾಕಾನಿಶಿ ಬೆಳಕು ವಿನ್ಯಾಸಕ. 2011ರ ಭೂಕಂಪ, ಸುನಾಮಿಗಳ ಬಳಿಕ ಕ್ಯೋಟೊಗೆ ಬಂದು ನೆಲೆಸಿದ ಇವರಿಗೆ ಚಿತ್ರದಷ್ಟೇ ಮುಖ್ಯವಾದದ್ದು ಅದನ್ನಿಡುವ ಜಾಗ. 1738ರಿಂದ ಕಿಮೊನೊದ ಸೊಂಟಪಟ್ಟಿ ನೇಯಿಸುತ್ತ ಬಂದ ಕೊಂಡಾಯ ಗೆಂಬೆ ಅಂಗಡಿಮನೆ, ಕೆನ್ನಿನ್‌ಜಿ ಮಠದೊಳಗಿನ ರ್ಯೋಸೊಕುಇನ್, ವಾಸ್ತುಶಿಲ್ಪಿ ತಾದಾವೊ ಆಂಡೊ ಕಾಲುವೆಯ ಅಂಚಿನಲ್ಲಿ ಕಟ್ಟಿದ ಟೈಮ್ಸ್ ಕಟ್ಟಡ ಎಲ್ಲವೂ ಪ್ರದರ್ಶನದ ತಾಣಗಳಾಗಿವೆ.

ನಮ್ಮ ಮಟ್ಟಿಗೆ ಇವೆಲ್ಲಕ್ಕಿಂತ ಮೇಲು, ಕ್ಯೋಟೊ ಶಿಂಬುನ್ ಪತ್ರಿಕೆಯ ಹಳೆಯ ಮುದ್ರಣಾಲಯ. ಯಂತ್ರಗಳು ಹೋಗಿವೆ, ಗೋಡೆಗಳ ಮೇಲೆ ಮಸಿಯ ಕಲೆ ಉಳಿದಿದೆ. ಒಳಗೆ ಕಾಲಿಟ್ಟರೆ ಮೂಗಿಗೆ ಮೊದಲು ಬಡಿಯುವುದು ಆ ಮಸಿಯ ವಾಸನೆಯೇ. ಛಾಯಾಗ್ರಾಹಕಿ ಲಾರೆನ್ ಗ್ರೀನ್‌ಫೀಲ್ಡ್ ತೆಗೆದ, ಸಿರಿತನದ ಹುಚ್ಚನ್ನು ತೋರಿಸುವ ಥಳಥಳಿಸುವ ಬಣ್ಣದ ಚಿತ್ರಗಳನ್ನು 2018ರಲ್ಲಿ ಇಟ್ಟಿದ್ದು ಇಲ್ಲೇ. ದುಡಿದು ದಣಿದ ಗೋಡೆಯ ನಡುವೆ ಆ ಥಳಕು ಹೇಗೆ ಕಂಡೀತೆಂದು ತಿಳಿಯಲು ಯಾರಿಗೂ ಎಕ್ಸ್‌ಪೋಷರ್ ಪಾಠ ಬೇಕಿಲ್ಲ.

ತಪ್ಪು ಕಲ್ಪನೆ: ಪುರಾತನ ಕಟ್ಟಡಗಳಿಗೆ ಮೊಳೆ ಹೊಡೆದು ಪರಂಪರೆ ಹಾಳುಗೆಡವುತ್ತಿದ್ದಾರೆ.

ವಾಸ್ತವ: ಆತಂಕ ನ್ಯಾಯವಾದದ್ದೇ, ಆದರೆ ಸಂರಕ್ಷಿತ ಕಟ್ಟಡಗಳಲ್ಲಿ ಮೊಳೆಯಾಗಲಿ ಅಂಟಾಗಲಿ ಗೋಡೆಯನ್ನು ಮುಟ್ಟುವಂತಿಲ್ಲ. ನಿಜೊ ಕೋಟೆಯ ನಿನೊಮಾರು ಅರಮನೆಯ ಅಡುಗೆಮನೆಯಲ್ಲಿ ಪ್ರದರ್ಶನ ನಡೆದಾಗ ಚಿತ್ರಗಳಿಗೆ ತಮ್ಮ ಕಾಲ ಮೇಲೆ ತಾವೇ ನಿಲ್ಲುವ ಚೌಕಟ್ಟು ಬೇಕಾಗುತ್ತದೆ. ಮಾಮೂಲಿ ದಿನಗಳಲ್ಲಿ ಜನರಿಗೆ ತೆರೆಯದ ಆ ಅಡುಗೆಮನೆಯನ್ನು ಉತ್ಸವದ ನೆಪದಲ್ಲಾದರೂ ನೋಡಬಹುದು. ಚಾಪೆ ಹಾಸಿದ ಕೋಣೆಗಳಿಗೆ ಪಾದರಕ್ಷೆ ಬಿಟ್ಟೇ ಹೋಗಬೇಕು. ಕಾಲುಚೀಲ ತೂತಾಗಿಲ್ಲವೆಂದು ಬೆಳಿಗ್ಗೆಯೇ ನೋಡಿಕೊಳ್ಳುವುದು ಕ್ಷೇಮ.

ತಪ್ಪು ಕಲ್ಪನೆ: ಒಂದು ಟಿಕೆಟ್ ಕೊಂಡು ಒಂದು ದಿನ ಓಡಾಡಿದರೆ ಮುಗಿಯಿತು.

ವಾಸ್ತವ: ತಾಣಗಳು ಊರಿಡೀ ಚದುರಿವೆ, ಒಂದೊಂದಕ್ಕೂ ಬೇರೆ ವೇಳೆ, ಬೇರೆ ವಾರದ ರಜೆ. ಪಾಸ್‌ಪೋರ್ಟ್ ಟಿಕೆಟ್‌ನಲ್ಲಿ ಪ್ರತಿ ತಾಣಕ್ಕೂ ಒಂದು ಸಲ ಪ್ರವೇಶ. ಹಳೆಯ ಗೈಡ್ ಪುಸ್ತಕಗಳು ಹೊಗಳುವ ಬಸ್ಸಿನ ದಿನದ ಪಾಸು ಈಗಿಲ್ಲ, 2024ರ ಮಾರ್ಚ್‌ಗೇ ಅದರ ಬಳಕೆ ನಿಂತಿತು. ಮೆಟ್ರೊ ಹಿಡಿದು, ಉಳಿದದ್ದನ್ನು ನಡೆಯುವುದೇ ವಾಸಿ. ದಿನಕ್ಕೆ ಮೂರು ತಾಣ ಸಾಕು. ಜೊತೆಗೇ ನಡೆಯುವ ಕೆಜಿ ಪ್ಲಸ್ ಎಂಬ ಪುಟ್ಟ ಪ್ರದರ್ಶನಗಳ ಸರಣಿಯಲ್ಲಿ ಹೆಚ್ಚಿನವಕ್ಕೆ ದುಡ್ಡೇ ಬೇಡ.

ತಪ್ಪು ಕಲ್ಪನೆ: ಯುರೋಪು, ಜಪಾನಿನವರದ್ದೇ ಮೆರೆದಾಟ, ನಮ್ಮವರಿಗೆ ಅಲ್ಲಿ ಜಾಗವಿಲ್ಲ.

ವಾಸ್ತವ: 2024ರಲ್ಲಿ ತಮಿಳುನಾಡಿನ ಜೈಸಿಂಗ್ ನಾಗೇಶ್ವರನ್ ತಮ್ಮ ದಲಿತ ಕುಟುಂಬದ ಬದುಕಿನ ಚಿತ್ರಗಳನ್ನು ತೋರಿಸಿದರು. ಮರುವರ್ಷ ಬೆಂಗಳೂರಿನ ಪುಷ್ಪಮಾಲಾ ಎನ್. ಅವರ ಸರದಿ. ಶಿಲ್ಪಕಲೆ ಕಲಿತ ಇವರು ತಾವೇ ವೇಷ ಕಟ್ಟಿ ಕ್ಯಾಮೆರಾ ಮುಂದೆ ನಿಲ್ಲುವವರು. ಭಾರತಮಾತೆಯಾಗಿ, ವಾಸ್ಕೊ ಡ ಗಾಮನಾಗಿ ಇವರು ನಿಂತಿರುವುದನ್ನು ಕಂಡರೆ ಮೊದಲು ನಗು ಬರುತ್ತದೆ, ಆಮೇಲೆ ನಮ್ಮ ಪಠ್ಯಪುಸ್ತಕದ ಚಿತ್ರಗಳ ಮೇಲೆಯೇ ಅನುಮಾನ ಹುಟ್ಟುತ್ತದೆ. ಜಾಗ ಸಿಕ್ಕಿದ್ದೂ ಮೂಲೆಯಲ್ಲಲ್ಲ. 1906ರಲ್ಲಿ ಜಪಾನ್ ಬ್ಯಾಂಕಿನ ಶಾಖೆಯಾಗಿ ಕಟ್ಟಿದ, ಈಗ ಕ್ಯೋಟೊ ವಸ್ತುಸಂಗ್ರಹಾಲಯಕ್ಕೆ ಸೇರಿದ ಇಟ್ಟಿಗೆ ಕಟ್ಟಡದಲ್ಲಿ.

ತಪ್ಪು ಕಲ್ಪನೆ: ಕ್ಯಾಮೆರಾ ಜೀವ ಹೀರುತ್ತದೆ, ಮೂವರು ಒಟ್ಟಿಗೆ ನಿಂತರೆ ನಡುವಿನವರು ಬೇಗ ಸಾಯುತ್ತಾರೆ ಎಂದು ಹೆದರಿ ಅಲ್ಲಿನ ಹಿರಿಯರು ಫೋಟೊಗೆ ನಿಲ್ಲುವುದಿಲ್ಲ.

ವಾಸ್ತವ: ಆ ನಂಬಿಕೆ ಜಪಾನಿನಲ್ಲಿ ಇದ್ದದ್ದು ನಿಜ, ಅದಕ್ಕೆ ಕಾರಣಗಳೂ ಇದ್ದವು. ಆಗಿನ ಕ್ಯಾಮೆರಾ ಮುಂದೆ ಅಲುಗದೆ ಕೂರಬೇಕಿತ್ತು, ಹಾಗೆ ಬಿಗಿದು ಕೂತ ಮುಖ ಹೆಣದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ನಡುವೆ ಕೂರಿಸುತ್ತಿದ್ದದ್ದು ಹಿರಿಯರನ್ನು, ಮೊದಲು ಹೋಗುತ್ತಿದ್ದವರೂ ಅವರೇ. 1857ರಲ್ಲಿ ಜಪಾನಿಗಳೇ ತೆಗೆದ ಚಿತ್ರಕ್ಕೆ ಕೂತ ಸಾಮಂತ ಶಿಮಾಜು ನಾರಿಯಾಕಿರಾ ಮರುವರ್ಷವೇ ತೀರಿಕೊಂಡದ್ದೂ ಹೌದು. ಆದರೆ ಕಾಯಿಲೆ ಬಂದು. ಮೇಲಾಗಿ ಆ ಚಿತ್ರದಲ್ಲಿ ಆತ ಒಬ್ಬನೇ ಇದ್ದಾನೆ, ನಡುವಿನವನೆಂಬ ಲೆಕ್ಕಕ್ಕೇ ಬರುವುದಿಲ್ಲ. ಇನ್ನು ಈಗಿನ ಮಾತು: 2024ರ ಶರತ್ಕಾಲದಲ್ಲಿ ಫ್ರೆಂಚ್ ಕಲಾವಿದ ಜೆಆರ್ ಮುಂದೆ ಕ್ಯೋಟೊದ ಐನೂರಕ್ಕೂ ಹೆಚ್ಚು ಮಂದಿ ಬಂದು ನಿಂತರು. ಆ ಚಿತ್ರಗಳೆಲ್ಲ ಸೇರಿ ಮರುವರ್ಷ ಕ್ಯೋಟೊ ರೈಲು ನಿಲ್ದಾಣದ ಗೋಡೆಯ ಮೇಲೆ ಬೃಹತ್ ಭಿತ್ತಿಚಿತ್ರವಾದವು.

ತಪ್ಪು ಕಲ್ಪನೆ: ಕ್ಯೋಟೊದಲ್ಲಿ ಫೋಟೊ ತೆಗೆದರೆ ಪೊಲೀಸರು 10,000 ಯೆನ್ ದಂಡ ಹಾಕುತ್ತಾರೆ.

ವಾಸ್ತವ: ಊರಿಗೆಲ್ಲ ಅನ್ವಯಿಸುವ ಅಂಥ ಕಾನೂನಿಲ್ಲ. ಆ ಮೊತ್ತ ಬರೆದ ಫಲಕ ಇರುವುದು ಗಿಯೊನ್ ಬಡಾವಣೆಯ ಖಾಸಗಿ ಓಣಿಗಳಲ್ಲಿ, 2019ರಲ್ಲಿ ಅದನ್ನು ಹಾಕಿದವರು ಅಲ್ಲಿನ ನಿವಾಸಿಗಳು. ಕಲಾಪ್ರದರ್ಶನಕ್ಕೆ ಹೊರಟ ಮೈಕೊಗಳ, ಅಂದರೆ ಗೇಶಾ ಆಗಲು ಕಲಿಯುತ್ತಿರುವ ತರುಣಿಯರ, ಕಿಮೊನೊ ಹಿಡಿದೆಳೆದು ಫೋಟೊ ಕೇಳುವ ಪ್ರವಾಸಿಗರ ಕಾಟ ತಾಳಲಾರದೆ ಅವರು ಹಾಗೆ ಮಾಡಿದರು. ಅದೂ ಸಾಲದೆ 2024ರಲ್ಲಿ ಕೆಲವು ಓಣಿಗಳನ್ನು ಹೊರಗಿನವರಿಗೆ ಮುಚ್ಚಿದರು. ಹನಾಮಿಕೋಜಿ ಮುಖ್ಯಬೀದಿ ಎಂದಿನಂತೆ ಎಲ್ಲರದ್ದು. ಉತ್ಸವದ ತಾಣಗಳಲ್ಲಿ ನಿಯಮ ಒಂದೊಂದು ಕಡೆ ಒಂದೊಂದು ಬಗೆ, ಬಾಗಿಲಲ್ಲೇ ಬರೆದಿರುತ್ತದೆ. ಅಂದಹಾಗೆ, 2025ರಲ್ಲಿ ಇದೇ ಉತ್ಸವ ಮಾರ್ಟಿನ್ ಪಾರ್ ತೆಗೆದ ಪ್ರವಾಸಿಗರ ಚಿತ್ರಗಳನ್ನೂ ಇಟ್ಟಿತ್ತು: ಜಗತ್ತಿನ ಹೆಸರಾಂತ ತಾಣಗಳಲ್ಲಿ ಮುಗಿಬಿದ್ದು ಫೋಟೊ ತೆಗೆಯುವ ನಮ್ಮಂಥವರೇ ಅದರ ವಸ್ತು.